ತಂದದ್ದು ಕಣ್ಣಿಗೆ ಬೀಳಲಿ: ಬೀದರಿನ ಗೆಳೆಯನಿಗೊಂದು ಪತ್ರ

ಕಲಬುರಗಿ

ಪ್ರೀತಿಯ ಗೆಳೆಯನಿಗೆ ಶರಣು ಶರಣಾರ್ಥಿಗಳು.

ವಾರವಾರವೂ ಕೊಳೆತ ಸೊಪ್ಪು, ಹಳಸಿದ ಪಲ್ಯ ಹೊರಗೆ ಚೆಲ್ಲಬೇಕಾಗುತ್ತಿದೆ, ಸಂತೆಯನ್ನೇ ಕಡಿಮೆ ಮಾಡಲೇ ಎಂದು ಕೇಳಿದ್ದೀಯ. ಕಡಿಮೆ ತರುವುದು ಒಳ್ಳೆಯದೇ. ಆದರೆ ತಂದದ್ದು ಕೆಡುವುದಕ್ಕೆ ದೊಡ್ಡ ಕಾರಣ ಅದು ಕಣ್ಣಿಗೆ ಬೀಳದಿರುವುದು ಎಂದು ನನಗೆ ಅನ್ನಿಸುತ್ತದೆ. ಇಂದು ತಂದ ಮೆಂತ್ಯದ ಕಟ್ಟು ಮುಂದೆ ಕುಳಿತರೆ ಮೊನ್ನೆಯ ಪುಂಡಿಸೊಪ್ಪು ಹಿಂದೆ ಸರಿಯುತ್ತದೆ. ಹಿಂದೆ ಸರಿದದ್ದು ವಾಸನೆ ಬಂದ ಮೇಲಷ್ಟೇ ನೆನಪಾಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ ಭಾರತದ ಮನೆಗಳಲ್ಲಿ ವರ್ಷಕ್ಕೆ ತಲಾ ಸುಮಾರು 55 ಕಿಲೋ ಆಹಾರ ಪೋಲಾಗುತ್ತದೆ. ಸಿಪ್ಪೆ, ಎಲುಬುಗಳೂ ಆ ಲೆಕ್ಕದಲ್ಲಿವೆ ನಿಜ, ಆದರೂ ಮಳೆಯನ್ನೇ ನಂಬಿ ಬೆಳೆಯುವ ನಮ್ಮ ನಾಡಿನವರಿಗೆ ಅದು ಸಣ್ಣ ಸಂಗತಿಯಲ್ಲ.

ಮೊದಲು ಫ್ರಿಜ್ಜಿನಲ್ಲಿ ಕಣ್ಣಿನ ನೇರಕ್ಕಿರುವ ಅರೆಯಲ್ಲಿ ಒಂದು ಸಣ್ಣ ಪರಾತ ಇಡು. ಅರ್ಧ ಹೆಚ್ಚಿದ ಬದನೆಕಾಯಿ, ಉಳಿದ ಬೇಳೆ, ಬಾಡತೊಡಗಿದ ಸೊಪ್ಪು, ಹೀಗೆ ಬೇಗ ಮುಗಿಯಬೇಕಾದದ್ದೆಲ್ಲ ಅದರಲ್ಲಿರಲಿ; ಅದನ್ನು ನೋಡಿದ ಮೇಲೆಯೇ ಆ ದಿನದ ಅಡುಗೆ ಏನೆಂಬುದು ನಿಶ್ಚಯವಾಗಲಿ. ಬಾಗಿಲ ಬದಿ ಎಲ್ಲಕ್ಕಿಂತ ಬೆಚ್ಚಗಿರುವುದರಿಂದ ಹಾಲು ಅಲ್ಲಿ ಬೇಡ. ಸೊಪ್ಪನ್ನು ತೊಳೆದು ಹಸಿಯಾಗಿ ಇಡದೆ, ಕಟ್ಟು ಬಿಚ್ಚಿ, ಕೊಳೆತ ಎಲೆ ಕಿತ್ತು, ತೆಳುವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡು. ಉಳ್ಳಾಗಡ್ಡಿ ಮತ್ತು ಆಲೂಗಡ್ಡೆಯನ್ನು ಒಂದೇ ಬುಟ್ಟಿಯಲ್ಲಿ ಹಾಕಬೇಡ.

ಬೇಸಿಗೆಯ ಮಾತು ಬೇರೆ. ನಿಮ್ಮ ಬೀದರಿಗಿಂತ ನಮ್ಮ ಕಲಬುರಗಿಯ ಬಿಸಿಲು ಹೆಚ್ಚೆಂಬುದು ನಿಜವಾದರೂ ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ಕಡೆ ಅಡುಗೆಮನೆ ಕುದಿಯುತ್ತದೆ. ಬೇಯಿಸಿದ ಆಹಾರವನ್ನು ಸಾಮಾನ್ಯವಾಗಿ 2 ಗಂಟೆಯೊಳಗೆ ತಂಪಿಗೆ ಸೇರಿಸಬೇಕು ಎನ್ನುತ್ತಾರೆ, ಆದರೆ ಸುತ್ತಲಿನ ಬಿಸಿ 32 ಡಿಗ್ರಿ ದಾಟಿದಾಗ ಆ ಗಡುವು 1 ಗಂಟೆಗೆ ಇಳಿಯುತ್ತದೆ. ಮಧ್ಯಾಹ್ನದ ಸಾರನ್ನು ಒಲೆಯ ಪಕ್ಕದಲ್ಲೇ ಬಿಟ್ಟು ರಾತ್ರಿ ಉಣ್ಣುವ ರೂಢಿ ಈ ಕಾಲಕ್ಕೆ ಸಲ್ಲದು. ಅಗಲವಾದ ಪಾತ್ರೆಗೆ ಸುರಿದರೆ ಬೇಗ ಆರುತ್ತದೆ.

ನನ್ನ ಮುಖ್ಯ ಮಾತು ಜೋಳದ ಹಿಟ್ಟಿನದು. ಹಸನು ಮಾಡಿ ಒಣಗಿಸಿದ ಜೋಳ ತಿಂಗಳುಗಟ್ಟಲೆ ಇರುತ್ತದೆ, ಹಿಟ್ಟು ಹಾಗಿರುವುದಿಲ್ಲ. ದಿನ ಕಳೆದಂತೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಬಿರುಕು ಬಿಡುತ್ತದೆ, ಕೊನೆಗೆ ಕಹಿಯೂ ಬರುತ್ತದೆ. ಡಬ್ಬಿಯ ತಳದ ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿದರೆ ಎರಡೂ ಕೆಟ್ಟಂತೆಯೇ. ಗಿರಣಿಗೆ ಹೋಗುವುದು ತುಸು ಹೆಚ್ಚಾದರೂ ಚಿಂತೆಯಿಲ್ಲ, ವಾರಕ್ಕೆ ಸಾಕಾಗುವಷ್ಟನ್ನೇ ಬೀಸಿಸು. ಡಬ್ಬಿ ಖಾಲಿಯಾಗಿ, ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹೊಸ ಹಿಟ್ಟು ತುಂಬು. ಉಳಿದ ಮೆತ್ತನೆಯ ರೊಟ್ಟಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಖಡಕ್ ಆಗುವವರೆಗೆ ಒಣಗಿಸಿಟ್ಟರೆ ಮರುದಿನ ಶೇಂಗಾ ಹಿಂಡಿ, ಮೊಸರಿನ ಜೊತೆ ತಿನ್ನಬಹುದು.

ಇನ್ನು ತೊಗರಿಬೇಳೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಕಲಬುರಗಿಯ ಬೇಳೆಯನ್ನು ನುಸಿಗೆ ಬಿಟ್ಟುಕೊಡುವುದು ನನಗೆ ಸಹಿಸಲಾಗದು. ವರ್ಷದ ಬೇಳೆಯನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಔಡಲೆಣ್ಣೆ ತೆಳುವಾಗಿ ಸವರಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬುವ ಹಿರಿಯರ ಪದ್ಧತಿಯೇ ಸರಿ. ನಿತ್ಯದ ಬಳಕೆಗೆ ಚಿಕ್ಕ ಡಬ್ಬಿ ಬೇರೆ ಇರಲಿ, ದೊಡ್ಡದನ್ನು ಪದೇ ಪದೇ ತೆರೆದರೆ ಮಳೆಗಾಲದ ತೇವ ಒಳಗೆ ಹೋಗುತ್ತದೆ.

ಇದೆಲ್ಲವನ್ನೂ ವೈನಿಯವರೊಬ್ಬರ ಮೇಲೆ ಹಾಕಬೇಡ. ಸಂತೆಗೆ ಹೋಗುವವನು ನೀನು. ಚೀಲ ಹಿಡಿದು ಹೊರಡುವ ಮುನ್ನ ಆ ಪರಾತದಲ್ಲಿ ಏನಿದೆ ಎಂದು ನೋಡುವ ಕೆಲಸವೂ ನಿನ್ನದೇ.

ಮಕ್ಕಳಿಗೆ ಆಶೀರ್ವಾದ.

ನಿನ್ನ ಗೆಳೆಯ