ಗೋಗಿ: ಮೊದಲು ಬಾವಿಗಳ ಲೆಕ್ಕ ಬರೆದಿಡಿ

ಮಾನ್ಯರೇ,

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಗಣಿ, ಸಂಸ್ಕರಣಾ ಘಟಕದ ಮಾತು ಬಂದಾಗಲೆಲ್ಲ ಬೇಕು–ಬೇಡ ಎಂಬ ಜಗಳವೇ ಮುಂದಾಗುತ್ತದೆ. ಯಾರು ಗೆದ್ದರೂ ಬೇಕಾಗುವುದು ಒಂದಿದೆ: ಸುತ್ತಲಿನ ಬಾವಿಗಳ ನೀರಿನಲ್ಲಿ ಇವತ್ತು ಏನಿದೆ ಎಂಬ ಬಾವಿವಾರು ದಾಖಲೆ.

ಗೋಗಿಯ ಅದಿರು ಇರುವುದು ನಾವು ಮನೆಗೆ ಹಾಸುವ ಶಹಾಬಾದ್ ಫರ್ಸಿಯ ಸುಣ್ಣಕಲ್ಲಿನಲ್ಲಿ, ಅದರಡಿಯ ಗ್ರಾನೈಟಿನಲ್ಲಿ. ಸುಣ್ಣಕಲ್ಲಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಅದರ ಜೊತೆ ಸೇರಿದ ಯುರೇನಿಯಂ ಜೇಡಿಗೂ ಸರಿಯಾಗಿ ಅಂಟದೆ ನೀರಿನೊಂದಿಗೇ ಹರಿಯುತ್ತದೆ. ಹೀಗಾಗಿ ಗಣಿ ಇಲ್ಲದೆಯೂ ಬೋರ್‌ವೆಲ್‌ನಲ್ಲಿ ಯುರೇನಿಯಂ ಇರಬಲ್ಲದು. ನಾಳೆ ಪ್ರಮಾಣ ಏರಿದರೆ ಘಟಕದವರು ಕಲ್ಲಿನದು ಎನ್ನುತ್ತಾರೆ, ಊರವರು ಘಟಕದ್ದು ಎನ್ನುತ್ತಾರೆ. ಹಳೆಯ ಅಂಕಿಯಿಲ್ಲದೆ ಇಬ್ಬರ ಮಾತನ್ನೂ ತೂಗಲಾಗದು.

ಸುಣ್ಣಕಲ್ಲು ಆಮ್ಲವನ್ನು ತಿಂದುಹಾಕುವುದರಿಂದ ಇಂಥ ಅದಿರಿನ ಯುರೇನಿಯಂ ಅನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕರಗಿಸಿ ತೆಗೆಯಬೇಕಾಗುತ್ತದೆ. ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ಮಾಡುವುದು ಇದನ್ನೇ. ಗೋಗಿಯ ಟನ್ ಅದಿರಿನಿಂದ ಸರಾಸರಿ ಎರಡು ಕಿಲೊ ಯುರೇನಿಯಂ ಸಿಕ್ಕರೆ ಹೆಚ್ಚು, ಮಿಕ್ಕಿದ್ದೆಲ್ಲ ಹಿಟ್ಟಿನಂಥ ಕೆಸರು. ವಿಕಿರಣ ಸೂಸುವ ಥೋರಿಯಂ-230, ರೇಡಿಯಂ-226 ಅದರಲ್ಲೇ ಉಳಿಯುವುದರಿಂದ ಅದಿರಿನ ವಿಕಿರಣದ ಸುಮಾರು ಶೇ 85ರಷ್ಟು ಈ ಕೆಸರನ್ನು ಕೂಡಿಡುವ ಕೊಳ ಸೇರುತ್ತದೆ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ.

ಕೊಳದ ತಳಕ್ಕೆ ನಮ್ಮ ಎರೆಮಣ್ಣೇ ಸಾಕು ಎನ್ನುವವರಿದ್ದಾರೆ. ಒದ್ದೆಯಿದ್ದಾಗ ಅದು ನೀರು ಬಿಡದು, ನಿಜ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವುದನ್ನು ರೈತರಿಗೆ ಹೇಳಿಕೊಡಬೇಕೆ? ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದರ ಬೆಸುಗೆಗಳ ಪರೀಕ್ಷೆ, ಅಡಿಯಲ್ಲಿ ಸೋರಿಕೆ ಹಿಡಿಯುವ ಕೊಳವೆ ಬೇಕೇ ಬೇಕು. ಒಣಗಿದ ಅಂಚು ಏಪ್ರಿಲ್ ಗಾಳಿಗೆ ದೂಳಾಗಿ ಏಳದಂತೆ ಒದ್ದೆಯಾಗಿಡಬೇಕು.

ಇನ್ನು ನೀರಿನ ಮಾದರಿ. ಮಳೆಗಾಲಕ್ಕೆ ಮುನ್ನ ಒಮ್ಮೆ, ಆಮೇಲೆ ಒಮ್ಮೆ, ಕನಿಷ್ಠ ಎರಡು ವರ್ಷ ಹಿಡಿಯಬೇಕು. ಬೋರ್ ಹತ್ತು ನಿಮಿಷವಾದರೂ ಓಡಿ, ವಿದ್ಯುತ್ ವಾಹಕತೆಯ (ಕರಗಿದ ಲವಣದ ಅಳತೆ) ಅಂಕಿ ಏರಿಳಿಯದೆ ನಿಂತ ಮೇಲೆಯೇ ಬಾಟಲಿ ತುಂಬಬೇಕು. ಪಿಎಚ್, ಕ್ಷಾರೀಯತೆ ಅಳೆಯುವುದು ಸ್ಥಳದಲ್ಲೇ. ಯುರೇನಿಯಂ ಬಾಟಲಿಯ ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಆಮ್ಲ ಮರೆತರೆ ಲೋಹ ಬಾಟಲಿಯ ಗೋಡೆ ಹಿಡಿದು, ವರದಿಯಲ್ಲಿ ನೀರು ಇದ್ದುದಕ್ಕಿಂತ ಚೊಕ್ಕ ಕಾಣುತ್ತದೆ. ಫ್ಲೋರೈಡ್, ಸಲ್ಫೇಟ್‌ಗೆ ಆಮ್ಲವಿಲ್ಲದ ಬೇರೆ ಬಾಟಲಿ. ಶುದ್ಧ ನೀರಿನ ಘಟಕದ ನಲ್ಲಿಗೆ ಬಾಟಲಿ ಹಿಡಿದರೆ ಪ್ರಯೋಜನವಿಲ್ಲ, ಆರ್‌ಒ ಯುರೇನಿಯಂ ಅನ್ನೂ ಸೋಸಿರುತ್ತದೆ.

ಕೊಳ ಸೋರಿದರೆ ಮೊದಲು ಏರುವುದು ಸೋಡಿಯಂ, ಸಲ್ಫೇಟ್, ವಾಹಕತೆ. ರೇಡಿಯಂ ಮಣ್ಣಿಗಂಟುತ್ತ ಬಹಳ ತಡವಾಗಿ ಬರುತ್ತದೆ. ಆದ್ದರಿಂದ 'ವಿಕಿರಣ ಮಿತಿಯೊಳಗಿದೆ' ಎಂಬ ಒಂದು ಸಾಲಿನ ಪ್ರಕಟಣೆ ಸಾಲದು. ಕುಡಿಯುವ ನೀರಿನ ಯುರೇನಿಯಂಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಲೀಟರಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 30. ಜಿಲ್ಲಾಡಳಿತ ಎರಡನ್ನೂ ಪಕ್ಕಪಕ್ಕ ಬರೆದು, ಬಾವಿಯ ಸರ್ವೆ ನಂಬರ್, ಆಳ, ಮಾದರಿ ಹಿಡಿದ ದಿನಾಂಕ ಸಹಿತ ಪಂಚಾಯ್ತಿ ಕಚೇರಿಯ ಗೋಡೆಗೆ ಹಚ್ಚಲಿ.

— ಅಂತರ್ಜಲ ಅಧ್ಯಯನಾಸಕ್ತರು, ಶಹಾಪುರ