ಏನೂ ನಿಂತಿಲ್ಲ ಅಂತ ಸುಮ್ಮನಿರಬೇಡಿ, ಒಂದು ರಾತ್ರಿ ಕೊಡಿ

ಸಂಪಾದಕರೇ,

2025ರ ಆಯುಧಪೂಜೆಯಂದು ನಮ್ಮ ಕಾಲೇಜಿನ ಸರ್ವರ್ ರೂಮಿನಲ್ಲೂ ಪೂಜೆ ಆಯಿತು. ರ‍್ಯಾಕ್‌ಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆವು. ಮಾರನೇ ದಿನ, ಅಕ್ಟೋಬರ್ 2ರ ವಿಜಯದಶಮಿಯಂದು, ವಿಎಂವೇರ್‌ನ ವಿಸ್ಪಿಯರ್ 7ಕ್ಕೆ (ಒಂದು ಸರ್ವರ್ ಒಳಗೆ ಹಲವು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಸಾಮಾನ್ಯ ಬೆಂಬಲ, ಅಂದರೆ ಕಂಪನಿ ಕೊಡುವ ಅಪ್‌ಡೇಟ್, ಮುಗಿಯಿತು. ನಾವು ಅಷ್ಟರೊಳಗೆ 8ಕ್ಕೆ ದಾಟಿದ್ದೆವು. ಆದರೆ ಹಬ್ಬದ ರಜೆಯಲ್ಲಿ ಬೇರೆ ಸಂಸ್ಥೆಗಳ ಗೆಳೆಯರ ಜೊತೆ ಮಾತಾಡಿದಾಗ ಗಾಬರಿಯಾಯಿತು. ಕೆಲವು ಕಡೆ ಇನ್ನೂ 6.7 ಓಡುತ್ತಿದೆ, ಅದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಹಳೇ ವಿಂಡೋಸ್ ಸರ್ವರ್ ಮೇಲಿದೆ. ಅದಕ್ಕೇ ಈ ಪತ್ರ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಮೂರು ದೊಡ್ಡ ಸರ್ವರ್‌ಗಳಿವೆ. ಅವುಗಳ ಒಳಗೆ ನಲವತ್ತು ವರ್ಚುವಲ್ ಮಶೀನ್‌ಗಳು (ವಿಎಂ), ಅಂದರೆ ಸಾಫ್ಟ್‌ವೇರ್‌ನಿಂದಲೇ ಆದ ಕಂಪ್ಯೂಟರ್‌ಗಳು, ಓಡುತ್ತವೆ. ಅಡ್ಮಿಶನ್, ಫೀಸು, ಲೈಬ್ರರಿ, ಇಂಟರ್ನಲ್ ಮಾರ್ಕ್ಸ್ ಎಲ್ಲ ಅದರಲ್ಲೇ. ಇಷ್ಟನ್ನೂ ಒಂದೇ ಕಡೆ ಕೂತು ನೋಡಿಕೊಳ್ಳುವ ವಿಸ್ಪಿಯರ್‌ನ ಭಾಗದ ಹೆಸರು ವಿಸೆಂಟರ್. ಬಸ್ ಡಿಪೋದ ಕಂಟ್ರೋಲರ್ ಇದ್ದ ಹಾಗೆ ಅಂದುಕೊಳ್ಳಿ. ಕಂಟ್ರೋಲರ್ ಸೀಟಿನಲ್ಲಿ ಇಲ್ಲದಿದ್ದರೂ ಆಗಲೇ ಹೊರಟ ಬಸ್ಸು ಓಡುತ್ತಲೇ ಇರುತ್ತದೆ. ವಿಸೆಂಟರ್ ಕೆಟ್ಟರೂ ವಿಎಂಗಳು ಓಡುತ್ತವೆ. ಒಂದು ಹೋಸ್ಟ್, ಅಂದರೆ ಆ ದೊಡ್ಡ ಸರ್ವರ್‌ಗಳಲ್ಲಿ ಒಂದು, ಕೈಕೊಟ್ಟರೆ ಅದರಲ್ಲಿದ್ದ ವಿಎಂಗಳು ಇನ್ನೊಂದರಲ್ಲಿ ತಾವಾಗಿಯೇ ಶುರುವಾಗುತ್ತವೆ, ಯಾಕಂದರೆ ಒಮ್ಮೆ ಹೊಂದಿಸಿದ ಮೇಲೆ ಆ ವ್ಯವಸ್ಥೆಯನ್ನು ಹೋಸ್ಟ್‌ಗಳೇ ನಡೆಸಿಕೊಂಡು ಹೋಗುತ್ತವೆ. ಆದರೆ ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಹೋಸ್ಟ್‌ಗೆ ಸಾಗಿಸಲು ಆಗುವುದಿಲ್ಲ. ವಿಸೆಂಟರ್ ಮೂಲಕ ಬ್ಯಾಕಪ್ ತೆಗೆಯುತ್ತಿದ್ದರೆ ಅದೂ ನಿಲ್ಲುತ್ತದೆ. ಹೊರಗಿನವರಿಗೆ ಇದು ಯಾವುದೂ ಕಾಣುವುದಿಲ್ಲ. "ಏನೂ ನಿಂತಿಲ್ವಲ್ಲ, ಸುಮ್ನೆ ಯಾಕೆ ಕೈ ಹಾಕ್ತೀರಿ" ಅಂತ ಮೇಲಿನವರು ಹೇಳುವುದು ಇದಕ್ಕೇ.

ನಮಗೂ ಹಾಗೇ ಹೇಳಿದ್ದರು. ನಮ್ಮ ವಿಸೆಂಟರ್ 6.7 ಇದ್ದದ್ದು ವಿಂಡೋಸ್ ಸರ್ವರ್ 2012 ಆರ್2 ಮೇಲೆ. 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್‌ಗೇ ಮುಗಿದಿತ್ತು, ವಿಂಡೋಸ್‌ನದು 2023ರ ಅಕ್ಟೋಬರ್‌ಗೆ ಮುಗಿಯುವುದಿತ್ತು. 7ನೇ ಆವೃತ್ತಿಯಿಂದ ವಿಂಡೋಸ್ ಮೇಲೆ ವಿಸೆಂಟರ್ ಹಾಕುವುದನ್ನೇ ಕಂಪನಿ ಬಿಟ್ಟಿದೆ. ಈಗ ಅದು ತನ್ನದೇ ಲಿನಕ್ಸ್ ಸಮೇತ ಸಿದ್ಧವಾಗಿ ಬರುತ್ತದೆ. ಆರು ತಿಂಗಳು ಬೆನ್ನು ಬಿದ್ದ ಮೇಲೆ 2023ರ ಬೇಸಿಗೆ ರಜೆಯಲ್ಲಿ ಒಂದು ಶನಿವಾರ ರಾತ್ರಿ ಸಿಕ್ಕಿತು.

ಮೊದಲ ತೊಡಕು ಪಾಸ್‌ವರ್ಡ್‌ನದು. ವಿಸೆಂಟರ್‌ನ ಮುಖ್ಯ ಅಡ್ಮಿನ್ ಪಾಸ್‌ವರ್ಡ್ ಕಾಲೇಜಿನಲ್ಲಿ ಯಾರ ಬಳಿಯೂ ಇರಲಿಲ್ಲ. ನನಗಿಂತ ಮುಂಚೆ ಇದ್ದವರು ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಫೋನ್ ಮಾಡಿದೆ. "ಇರಿ ಸಾರ್, ಹಳೇ ಡೈರಿ ನೋಡಿ ಹೇಳ್ತೀನಿ" ಅಂದರು, ಅರ್ಧ ಗಂಟೆಯಲ್ಲಿ ಹೇಳಿದರು. ಅವರ ಉಪಕಾರ ನಾನು ಮರೆಯುವುದಿಲ್ಲ. ಪಾಸ್‌ವರ್ಡ್ ರೀಸೆಟ್ ಮಾಡುವ ದಾರಿ ಇದೆ ನಿಜ, ಆದರೆ ಹಳೇ ಮಶೀನಿನಲ್ಲಿ ಮಧ್ಯರಾತ್ರಿ ಅದನ್ನು ಮಾಡುವ ಧೈರ್ಯ ಯಾರಿಗೂ ಬೇಡ.

ಆಮೇಲೆ, ಸಾಗಿಸುವುದೇ ಬೇಡ, ಹೊಸದಾಗಿ ಹಾಕಿಬಿಡೋಣ ಅನ್ನುವ ಮಾತು ಬಂತು. "ಮೂರೇ ಹೋಸ್ಟ್ ಅಲ್ವಾ, ಹೊಸದಕ್ಕೆ ಸೇರಿಸಿದರೆ ಆಯ್ತು" ಅಂದರು ಸರ್ವರ್ ಕೊಟ್ಟವರು. ಕೇಳಲು ಸುಲಭ. ಆದರೆ ನಮ್ಮ ಬ್ಯಾಕಪ್ ಸಾಫ್ಟ್‌ವೇರ್ ಪ್ರತಿ ವಿಎಂ ಅನ್ನು ಗುರುತಿಸುವುದು ಹೆಸರಿನಿಂದ ಅಲ್ಲ, ವಿಸೆಂಟರ್ ಒಳಗೇ ಕೊಟ್ಟ ಒಂದು ಐಡಿಯಿಂದ. ಹೊಸ ವಿಸೆಂಟರ್‌ಗೆ ಸೇರಿಸಿದರೆ ಆ ಐಡಿಗಳು ಬದಲಾಗುತ್ತವೆ. ಆಗ ಬ್ಯಾಕಪ್‌ಗೆ ನಲವತ್ತೂ ವಿಎಂಗಳು ಹೊಸಬರೇ, ಎಲ್ಲವನ್ನೂ ಮೊದಲಿನಿಂದ ಪೂರ್ತಿ ಕಾಪಿ ಮಾಡಲು ಹೊರಡುತ್ತದೆ. ನಮ್ಮ ಬ್ಯಾಕಪ್ ಡಿಸ್ಕಿನಲ್ಲಿ ಅಷ್ಟು ಜಾಗವೇ ಇರಲಿಲ್ಲ. ಫೋಲ್ಡರ್‌ಗಳು, ಯಾರಿಗೆ ಯಾವ ಅನುಮತಿ ಅನ್ನುವುದು, ಅಲಾರಂಗಳು, ಎಲ್ಲ ಕೈಯಾರೆ ಮತ್ತೆ ಮಾಡಬೇಕಿತ್ತು. ಅದಕ್ಕೆ ಕಂಪನಿಯ ಮೈಗ್ರೇಶನ್ ಟೂಲ್‌ನಿಂದಲೇ ಸಾಗಿಸೋಣ ಅಂತ ಹಟ ಹಿಡಿದೆ. ಅದು ಹೊಸದಕ್ಕೆ ತಾತ್ಕಾಲಿಕ ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟು ಎಬ್ಬಿಸುತ್ತದೆ, ಹಳೆಯದರ ಮಾಹಿತಿಯನ್ನು ಸಾಗಿಸುತ್ತದೆ, ಹಳೆಯದನ್ನು ಆಫ್ ಮಾಡುತ್ತದೆ, ಹಳೆಯದರ ಹೆಸರು ಮತ್ತು ಐಪಿಯನ್ನೇ ಹೊಸದಕ್ಕೆ ಕೊಡುತ್ತದೆ. ಐಡಿಗಳು ಹಾಗೇ ಉಳಿಯುತ್ತವೆ.

ಮೊದಲ ಸಲ ಅದು ಅರ್ಧಕ್ಕೇ ನಿಂತಿತು. ಕಾರಣ ಡಿಎನ್‌ಎಸ್, ಅಂದರೆ ಮಶೀನುಗಳ ಹೆಸರು ಮತ್ತು ಐಪಿಯ ಪಟ್ಟಿ. ಹೆಸರು ಕೊಟ್ಟರೆ ಐಪಿ ಸಿಗುತ್ತಿತ್ತು, ಐಪಿ ಕೊಟ್ಟರೆ ಹೆಸರು ಸಿಗುತ್ತಿರಲಿಲ್ಲ. ಆ ರಿವರ್ಸ್ ಎಂಟ್ರಿಯನ್ನು ಯಾರೂ ಹಾಕಿರಲೇ ಇಲ್ಲ. ಒಂದು ಹೋಸ್ಟ್‌ನ ಗಡಿಯಾರ ಏಳು ನಿಮಿಷ ಹಿಂದಿತ್ತು, ಅದನ್ನೂ ಸರಿಮಾಡಿದೆವು. ಹೊಸದನ್ನು ಅಳಿಸಿ, ಹಳೆಯದನ್ನು ಮತ್ತೆ ಆನ್ ಮಾಡಿ, ಎಲ್ಲ ಮೊದಲಿನಂತೆ ಇದೆ ಅಂತ ನೋಡಿಕೊಂಡು ಮತ್ತೆ ಶುರು ಮಾಡಿದೆವು. ಹಳೆಯದನ್ನು ಮುಟ್ಟದೆ ಇಟ್ಟುಕೊಂಡಿದ್ದಕ್ಕೆ ಹೀಗೆ ಮಾಡಲು ಆಯಿತು. ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತು. ಒಂದು ವಿಎಂ ಕೂಡ ನಿಲ್ಲಲಿಲ್ಲ, ಸೋಮವಾರದ ಬ್ಯಾಕಪ್ ಎಂದಿನಂತೆ ಬಂತು.

ಆ ರಾತ್ರಿ ನಡೆದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಹೆಸರು, ಐಪಿ, ಯಾವ ಸ್ಕ್ರೀನಿನಲ್ಲಿ ಏನು ಒತ್ತಬೇಕು, ಎಲ್ಲಿ ಸಿಕ್ಕಿಕೊಂಡೆವು. ಪಾಸ್‌ವರ್ಡ್ ಬೇರೆ ಕವರಿನಲ್ಲಿ ಸೀಲ್ ಮಾಡಿ ಪ್ರಿನ್ಸಿಪಾಲರ ಬೀರುವಿನಲ್ಲಿದೆ. 7ರಿಂದ 8ಕ್ಕೆ ಹೋಗುವಾಗ ಅದೇ ನೋಟ್‌ಬುಕ್ ಇಟ್ಟುಕೊಂಡು ಒಂದು ಸಂಜೆಯಲ್ಲೇ ಮುಗಿಸಿದೆವು.

2023ರ ನವೆಂಬರ್‌ನಲ್ಲಿ ವಿಎಂವೇರ್ ಬ್ರಾಡ್‌ಕಾಮ್ ಪಾಲಾಯಿತು. ಒಮ್ಮೆ ದುಡ್ಡು ಕೊಟ್ಟು ಶಾಶ್ವತ ಲೈಸೆನ್ಸ್ ಕೊಳ್ಳುವುದು ನಿಂತು, ಚಂದಾ ಬಂತು. ಇದರಿಂದ ಬೇಸತ್ತು ಪ್ರಾಕ್ಸ್‌ಮಾಕ್ಸ್ ಎಂಬ ಇಂಥದೇ ಬೇರೆ ಸಾಫ್ಟ್‌ವೇರ್‌ಗೆ ಹೋಗುತ್ತೇವೆ ಅನ್ನುವವರು ಜಾಸ್ತಿ ಆಗಿದ್ದಾರೆ. ಹೋಗಲಿ, ಅದು ಒಳ್ಳೆಯದೇ. ಆದರೆ ಅಲ್ಲಿಗೆ ಹೋಗಲೂ ಪಾಸ್‌ವರ್ಡ್ ಬೇಕು, ಡಿಎನ್‌ಎಸ್ ಸರಿ ಇರಬೇಕು, ಬ್ಯಾಕಪ್ ಇರಬೇಕು, ಒಂದು ರಾತ್ರಿ ಬೇಕು. "ಮುಂದೆ ಹೇಗೂ ಬದಲಿಸ್ತೀವಿ" ಅಂತ ಹಳೇ ವಿಂಡೋಸ್ ಮೇಲೆ ಇನ್ನೂ ಎರಡು ವರ್ಷ ತಳ್ಳುವುದು ಸರಿಯಲ್ಲ.

ಕಾಲೇಜು, ಆಸ್ಪತ್ರೆ, ಸಹಕಾರ ಸಂಘಗಳ ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಸಿಸ್ಟಮ್ ಅಡ್ಮಿನ್ ಅನ್ನು ಕರೆದು, ವಿಸೆಂಟರ್ ಯಾವ ಮಶೀನಿನಲ್ಲಿದೆ, ಯಾವ ಆವೃತ್ತಿ, ಪಾಸ್‌ವರ್ಡ್ ಯಾರ ಬಳಿ ಇದೆ ಅಂತ ಕೇಳಿ. ವಿಂಡೋಸ್ ಮೇಲೆ 6.7 ಅಂದರೆ ನಮ್ಮ ಹಾಗೆ ಮೊದಲು 7, ಆಮೇಲೆ 8 ಅಂತ ಹೋದರೆ ಒಂದಲ್ಲ, ಎರಡು ರಾತ್ರಿ ಬೇಕಾಗಬಹುದು. ದಿನಾಂಕ ಗೊತ್ತುಮಾಡಿ ಬರವಣಿಗೆಯಲ್ಲಿ ಕೊಡಿ. ಅವರು ಅದನ್ನೇ ಕಾಯುತ್ತಿದ್ದಾರೆ.

– ಒಬ್ಬ ಸಿಸ್ಟಮ್ ಅಡ್ಮಿನ್, ಶಿವಮೊಗ್ಗ