ಜಿಲ್ಲಾಧಿಕಾರಿಗಳೇ, ಪಟ್ಟಿ ನೋಡಿ ಆಮೇಲೆ ಕೋವಿ ಕೇಳಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಪಂಚಾಯಿತಿ ಚುನಾವಣೆಯ ಮಾತು ಮತ್ತೆ ಎದ್ದಿದೆ. ಯಾರು ನಿಲ್ಲುತ್ತಾರೆ, ಯಾವ ಕ್ಷೇತ್ರಕ್ಕೆ ಯಾವ ಮೀಸಲಾತಿ ಎಂದು ಊರಲ್ಲಿ ಲೆಕ್ಕಾಚಾರ ಶುರುವಾಗಿದೆ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ನಮ್ಮಂಥವರ ಲೆಕ್ಕ ಬೇರೆ. ಚುನಾವಣೆ ಬಂತೆಂದರೆ ಪರವಾನಗಿ ಇರುವ ಕೋವಿಯನ್ನೂ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಿಸುತ್ತಾರೆ. ಈ ಸಲ ಎಷ್ಟು ದಿನ ಠಾಣೆಯಲ್ಲಿ ಇಡಬೇಕೋ, ಅಷ್ಟರೊಳಗೆ ತೋಟದಲ್ಲಿ ಏನು ಉಳಿಯುತ್ತದೋ. ದಿನಾಂಕ ಘೋಷಣೆಯಾದ ಮೇಲೆ ಬರೆದರೆ ‘ನೀತಿ ಸಂಹಿತೆ ಬಂದಿದೆ, ಈಗೇನೂ ಮಾಡಕ್ಕಾಗಲ್ಲ’ ಅಂತೀರಿ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ಎಲ್ಲರ ಕೋವಿಯನ್ನೂ ಒಟ್ಟಿಗೆ ಠೇವಣಿ ಇಡಿಸಬೇಡಿ. ಯಾರ ಮೇಲೆ ಅನುಮಾನ ಇದೆಯೋ ಅವರದ್ದು ಮಾತ್ರ ಇಡಿಸಿಕೊಳ್ಳಿ.

ಇದೇನೂ ನಾನು ಹುಟ್ಟಿಸಿದ ನಿಯಮ ಅಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಗೆ ಆಯೋಗ ಕೊಟ್ಟ ಸೂಚನೆ ನಿಮಗೆ ಬಾಯಿಪಾಠ ಇರುತ್ತದೆ. ಜಿಲ್ಲೆಗೊಂದು ಪರಿಶೀಲನಾ ಸಮಿತಿ. ಅದರಲ್ಲಿ ನೀವು, ಎಸ್‌ಪಿಯವರು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಹೀಗೆ ಒಬ್ಬೊಬ್ಬ ಪರವಾನಗಿದಾರನ ವಿಷಯ ನೋಡಿ, ಬೇಕು ಅನ್ನಿಸಿದರೆ ಕೋವಿ ಇಡಿಸಿಕೊಳ್ಳಬೇಕು. ನಮಗೆ ಕಾಣುವುದು ಮಾತ್ರ ಬೀಟ್ ಪೊಲೀಸರ ಒಂದು ಫೋನು. ‘ಎಲ್ರೂ ಇಡ್ತಾ ಇದ್ದಾರೆ, ನೀವೂ ತಂದಿಡಿ, ಸುಮ್ನೆ ನೋಟಿಸ್ ಕೊಡಿಸ್ಕೋಬೇಡಿ.’ ನನ್ನ ಹೆಸರನ್ನು ಸಮಿತಿ ಯಾವತ್ತು ನೋಡಿತು, ಏನು ಕಂಡಿತು ಎಂದು ಕೇಳಿದರೆ ಆ ಕಡೆಯಿಂದ ನಗು.

ನನ್ನ ಮೇಲೆ ಒಂದು ಕೇಸೂ ಇಲ್ಲ. ಇರುವುದು ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿ. ಅಡಿಕೆ, ಬಾಳೆ, ಸ್ವಲ್ಪ ಕೋಕೋ ಇರುವ ತೋಟ, ಮೂರು ಕಡೆಯೂ ಕಾಡು. ನಾವೇನು ದಿನಾ ಪ್ರಾಣಿ ಹೊಡೆಯುತ್ತೇವೆ ಅಂದುಕೊಂಡಿದ್ದೀರಾ? ಗಾಳಿಗೆ ಒಂದು ಈಡು ಹಾರಿಸಿದರೆ ಮಂಗನ ಹಿಂಡು ಆಚೆ ಗುಡ್ಡಕ್ಕೆ ಹೋಗುತ್ತದೆ. ನಾಲ್ಕು ದಿನ ನೆಮ್ಮದಿ. ಪಟಾಕಿ, ಬೆದರುಬೊಂಬೆ ಎಲ್ಲ ಮಾಡಿ ನೋಡಿದ್ದಾಯಿತು. ಮಂಗಗಳಿಗೆ ಅವೆಲ್ಲ ಅಭ್ಯಾಸವಾಗಿಬಿಟ್ಟಿದೆ.

2024ರ ಲೋಕಸಭೆ ಚುನಾವಣೆ ನೆನಪಿದೆಯಲ್ವಾ? ಮಾರ್ಚ್ 16ಕ್ಕೆ ಘೋಷಣೆ. ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ ಮುಗಿದೇ ಹೋಯಿತು. ಎಣಿಕೆ ಜೂನ್ 4ಕ್ಕೆ. ದೇಶದಲ್ಲಿ ಏಳು ಹಂತ ಮುಗಿಯುವವರೆಗೆ ನನ್ನ ಕೋವಿ ಠಾಣೆಯಲ್ಲಿ. ಬಿಹಾರದಲ್ಲೋ ಬಂಗಾಳದಲ್ಲೋ ಮತ ಹಾಕುತ್ತಿದ್ದರೆ ಮಲೆನಾಡಿನ ಮೂಲೆಯ ಒಂಟಿ ನಳಿಗೆಯಿಂದ ಏನು ಅಪಾಯ ಸ್ವಾಮಿ? ಅದೂ ಯಾವ ಕಾಲ? ಸಿಂಗಾರ ಬಿಟ್ಟು ಅಡಿಕೆ ಮಿಡಿ ಕಟ್ಟುವ ಕಾಲ, ಹಲಸು ಬಲಿಯುವ ಕಾಲ. ಮಂಗಗಳು ಎಳೆ ಅಡಿಕೆ ಕಚ್ಚಿ, ರಸ ಹೀರಿ, ಉದುರಿಸಿದವು. ಬೆಳಿಗ್ಗೆ ಮರದ ಬುಡದಲ್ಲಿ ಮಿಡಿ ಬುಟ್ಟಿಗಟ್ಟಲೆ ಬಿದ್ದಿರುತ್ತಿತ್ತು. ರಾತ್ರಿ ಹಂದಿಗಳ ಪಾಳಿ. ಹೊಸದಾಗಿ ನೆಟ್ಟ ಬಾಳೆಯ ಸಾಲನ್ನೇ ಗುದ್ದಿ ಕಿತ್ತು ಹಾಕಿದವು. ನನ್ನ ಹೆಂಡತಿ ತಟ್ಟೆ ಬಡಿದು ಬಡಿದು ಸಾಕಾಗಿ, ‘ಈ ಎಲೆಕ್ಷನ್‌ಗೆ ಹಂದಿಗಳೇ ನಿಂತಿದ್ರೆ ಅವಕ್ಕೇ ಓಟು ಹಾಕಿ ಕಳಿಸಬಹುದಿತ್ತು’ ಅಂದಳು.

ಕೋವಿ ಇಡಲು ಹೋದ ದಿನದ ಕತೆ ಇನ್ನೊಂದು. ಚೆಕ್‌ಪೋಸ್ಟಿನಲ್ಲಿ ಜೀಪು ನಿಲ್ಲಿಸಿದರು. ನೀತಿ ಸಂಹಿತೆ ಇರುವಾಗ ಕೋವಿ ಯಾಕೆ ತಂದಿದ್ದೀರಿ ಎಂದು ಪ್ರಶ್ನೆ. ನೀತಿ ಸಂಹಿತೆ ಇರುವುದರಿಂದಲೇ ತಂದಿದ್ದೇನೆ ಅಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ವಾಪಸ್ ತರಲು ಹೋದಾಗ ಆದದ್ದು ನಗುವ ವಿಷಯ ಅಲ್ಲ. ಮಳೆ ಹಿಡಿದಿತ್ತು. ಠಾಣೆಯ ಹಿಂದಿನ ಕೋಣೆಯಲ್ಲಿ ಸೌದೆ ಒಟ್ಟಿದ ಹಾಗೆ ಕೋವಿಗಳನ್ನು ಒಟ್ಟಿದ್ದರು. ಒಂದು ಮೂಲೆಯಲ್ಲಿ ಮಾಡು ಸೋರುತ್ತಿತ್ತು. ಸಿಬ್ಬಂದಿ ಒಂದನ್ನು ಎಳೆದು ನನ್ನ ಕೈಗಿಟ್ಟರು. ನಳಿಗೆಯ ಮೇಲಿನ ನಂಬರ್ ನೋಡಿದೆ. ಅದು ನನ್ನದಲ್ಲ. ಹೇಳಿದರೆ, ‘ಎರಡೂ ಒಂದೇ ಥರ ಇದೆಯಲ್ರೀ, ತಗೊಂಡು ಹೋಗಿ, ಅವರು ಬಂದಾಗ ಅದಲು ಬದಲು ಮಾಡ್ಕೊಳ್ಳಿ’ ಎಂಬ ಉತ್ತರ. ಕೋವಿಯನ್ನು ಅದಲು ಬದಲು ಮಾಡಿಕೊಳ್ಳಬೇಕಂತೆ! ಪರವಾನಗಿ ಇಲ್ಲದ ಕೋವಿ ಹಿಡಿದು ಠಾಣೆಯ ಮೆಟ್ಟಿಲಿಳಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ನನ್ನನ್ನು ಎಲ್ಲಿಗೆ ಕಳಿಸುತ್ತದೆ ಎಂದು ಆ ಮಹಾಶಯರಿಗೆ ಗೊತ್ತಿಲ್ಲವೇ? ಪಟ್ಟು ಹಿಡಿದು ಕೂತೆ. ಸಂಜೆ ಹೊತ್ತಿಗೆ ನನ್ನದು ಸಿಕ್ಕಿತು, ಒಟ್ಟಿಲಿನ ಅಡಿಯಲ್ಲಿ. ನಳಿಗೆಗೆ ತುಕ್ಕು, ಮರದ ಹಿಡಿಯಲ್ಲಿ ಬಿರುಕು. ಕೊಡುವಾಗ ಸುಸ್ಥಿತಿಯಲ್ಲಿದೆ ಎಂದು ಬರೆದ ರಸೀದಿ ನನ್ನ ಹತ್ತಿರ ಈಗಲೂ ಇದೆ. ರಿಪೇರಿಯ ದುಡ್ಡು ಕೊಡುವವರು ಯಾರು ಎಂದು ಕೇಳಿದೆ. ಇನ್ಸ್‌ಪೆಕ್ಟರ್ ಮೀಟಿಂಗಿನಲ್ಲಿದ್ದರು. ಈಗಲೂ ಮೀಟಿಂಗಿನಲ್ಲೇ ಇರಬೇಕು.

ಕೋವಿಯಿಂದ ಕೊಲೆ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯವೇ ಕಂಡಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಎರಡಕ್ಕೂ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಒಬ್ಬರನ್ನು ಕೊಂದ ಪಿಸ್ತೂಲು ಎರಡು ವರ್ಷ ಎಲ್ಲೋ ಇದ್ದು ಇನ್ನೊಬ್ಬರನ್ನು ಕೊಂದಿತು. ಅದಕ್ಕೆ ಪರವಾನಗಿ ಇರಲಿಲ್ಲ. ಅದನ್ನು ತಂದಿಡಿ ಎಂದು ಯಾವ ಬೀಟ್ ಪೊಲೀಸರೂ ಫೋನ್ ಮಾಡಲಿಲ್ಲ. ಕಳ್ಳಕೋವಿ ಹುಡುಕುವುದು ಕಷ್ಟದ ಕೆಲಸ. ನಂಬರ್, ವಿಳಾಸ, ಫೋಟೋ ಎಲ್ಲ ಕೊಟ್ಟವನ ಮನೆಗೆ ಫೋನ್ ಮಾಡುವುದು ಸುಲಭ. ಚುನಾವಣೆ ಮುಗಿದ ಮೇಲೆ ಇಷ್ಟು ಆಯುಧ ಠೇವಣಿ ಆಯಿತು ಎಂಬ ವರದಿಗೆ ಎರಡನೆಯದೇ ಅನುಕೂಲ.

ನಮ್ಮಲ್ಲೂ ರಾತ್ರಿ ಕದ್ದು ಬೇಟೆಗೆ ಹೋಗುವವರು ಇದ್ದಾರೆ. ಕುಡಿದು ಕೋವಿ ಹಿಡಿಯುವವರೂ ಇದ್ದಾರೆ. ಅವರದ್ದು ತೆಗೆದುಕೊಳ್ಳಿ, ವಾಪಸ್ಸೇ ಕೊಡಬೇಡಿ, ನನ್ನ ತಕರಾರಿಲ್ಲ. ಪರವಾನಗಿ ನವೀಕರಣಕ್ಕೆ ಬಂದಾಗಲೆಲ್ಲ ಪೊಲೀಸ್ ವರದಿ ತರಿಸಿಕೊಳ್ಳುತ್ತೀರಿ. ಯಾರು ಎಂಥವರು ಎಂದು ನಿಮ್ಮ ಕಡತದಲ್ಲೇ ಇದೆ. ಆ ಕಡತ ತೆರೆದು ನೋಡಿ ಎಂದಷ್ಟೇ ಕೇಳುತ್ತಿರುವುದು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೂ) ಪರವಾನಗಿಯಿಂದಲೇ ವಿನಾಯಿತಿ ಇದೆ, 2029ರವರೆಗೆ ವಿಸ್ತರಣೆಯೂ ಆಗಿದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಾನು ವಿನಾಯಿತಿ ಕೇಳುತ್ತಿಲ್ಲ, ಪರವಾನಗಿ ಇದೆ. ಆ ಪರವಾನಗಿಗೆ ಸ್ವಲ್ಪ ಬೆಲೆ ಕೊಡಿ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ಚುನಾವಣೆ ಮಾಡದೆ ಸರ್ಕಾರ ನಮಗೆ ಒಂದು ಉಪಕಾರ ಮಾಡಿದೆ. ಅಷ್ಟರಮಟ್ಟಿಗೆ ಕೋವಿ ಮನೆಯಲ್ಲಿ ಉಳಿಯಿತು! ಪ್ರಜಾಪ್ರಭುತ್ವ ಬೇಡ, ಮಂಗ ಓಡಿಸಿದರೆ ಸಾಕು ಎಂದು ಕೃಷಿಕ ಯೋಚಿಸುವ ಹಾಗೆ ಮಾಡಬೇಡಿ.

ಮತ್ತೆ ಹೇಳುತ್ತೇನೆ. ಸಮಿತಿ ಕೂರಲಿ, ಹೆಸರು ಹಿಡಿದು ನೋಡಲಿ. ನನ್ನ ಕೋವಿ ಬೇಕೇ ಬೇಕು ಅಂದರೆ ಕಾರಣ ಬರೆದು ಆದೇಶ ಕೊಡಿ, ಫೋನಿನಲ್ಲಿ ಬೇಡ. ಇಡಿಸಿಕೊಂಡರೆ ಸೋರದ ಕೋಣೆಯಲ್ಲಿಡಿ, ನಂಬರ್ ನೋಡಿ ವಾಪಸ್ ಕೊಡಿ. ಕಾರಣ ಇಲ್ಲ ಅಂದರೆ ಕೇಳಲೇಬೇಡಿ. ಇದನ್ನೇ ಬರೆದ ಅರ್ಜಿಯನ್ನು ನಿಮ್ಮ ಕಚೇರಿಯ ಟಪಾಲು ವಿಭಾಗಕ್ಕೂ ಕೊಟ್ಟಿದ್ದೇನೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೇನೆ. ಚುನಾವಣೆ ಘೋಷಣೆಗೆ ಮೊದಲು ಲಿಖಿತ ಉತ್ತರ ಬೇಕು.

ಇತಿ,
ನಿಮ್ಮ ಜಿಲ್ಲೆಯ ಒಬ್ಬ ಅಡಿಕೆ ಬೆಳೆಗಾರ